ಎರಡು ಗಿಡ್ಡ, ಒಂದು ಉದ್ದ

ಲಸಿಕೆ ಹಾಕುವ ನರ್ಸಿಗೆ ಆ ಜೀಪಿನಲ್ಲಿ ಕೂರುವುದು ಮೊದಮೊದಲು ಹೆಮ್ಮೆಯಾಗಿತ್ತು. ಆಮೇಲೆ ಅಭ್ಯಾಸವಾಯಿತು. ಈಗ ಬಾಗಿಲಿನ ಹಿಡಿಗೆ ಕೈ ತಾಗಿದರೂ ಸೆರಗಿಗೆ ಒರೆಸಿಕೊಳ್ಳುತ್ತಿದ್ದಳು.

ಬಿಳಿಯ ಜೀಪು. ಬಾಗಿಲ ಮೇಲೆ ನೀಲಿ ವೃತ್ತ, ವೃತ್ತದೊಳಗೆ ತೆರೆದ ಅಂಗೈ, ಅಂಗೈಯಲ್ಲೊಂದು ಮೊಳಕೆ. ಅದರ ಕೆಳಗೆ, ಒಂದು ದೇಶದ ಜನರಿಂದ ಇನ್ನೊಂದು ದೇಶದ ಜನರಿಗೆ ಎಂಬ ಬರಹ. ಸಮುದ್ರದಾಚೆಯ ಸರ್ಕಾರವೊಂದು ಇಲ್ಲಿಯ ಸರ್ಕಾರಕ್ಕೆ ಇಂಥ ಜೀಪುಗಳನ್ನು ಹಡಗಿನಲ್ಲಿ ತುಂಬಿ ಕಳಿಸಿತ್ತು. ಅದಕ್ಕೆ ಮುಂಚೆ ಅವಳು ಲಸಿಕೆಯ ಪೆಟ್ಟಿಗೆಯನ್ನು ಹೆಗಲಿಗೆ ಹಾಕಿಕೊಂಡು ನಡೆಯುತ್ತಿದ್ದಳು. ಗುಡ್ಡದ ಬಡಾವಣೆ ಮುಟ್ಟುವಷ್ಟರಲ್ಲಿ ಪೆಟ್ಟಿಗೆಯ ಮಂಜುಗಡ್ಡೆ ಕರಗಿ ಮದ್ದು ಬಿಸಿಯಾಗಿ, ಬಂದ ದಾರಿಗೆ ಸುಂಕವಿಲ್ಲದೆ ಮರಳುತ್ತಿದ್ದಳು. ಜೀಪು ಬಂದ ಮೇಲೆ ದಡಾರದ ವಾರ್ಡಿನಲ್ಲಿ ಮಂಚಗಳು ಖಾಲಿಯಾದವು. ಖಾಲಿ ಮಂಚಗಳ ನಡುವೆ ನಿಂತು ಅವಳು ಒಂದು ಮಧ್ಯಾಹ್ನ ಯಾರಿಗೂ ಕಾಣದಂತೆ ಅತ್ತಿದ್ದಳು. ಅದು ಸುಳ್ಳಲ್ಲ. ಮುಂದೆ ಆದದ್ದಕ್ಕಾಗಿ ಅದನ್ನು ಸುಳ್ಳೆನ್ನಲು ಅವಳಿಗೆ ಯಾವತ್ತೂ ಮನಸ್ಸಾಗಲಿಲ್ಲ.

ಮುಂದೆ ಆದದ್ದು ಇಷ್ಟು. ನೆರವಿನ ವಾಹನಗಳ ಉಸ್ತುವಾರಿಯನ್ನು ಸರ್ಕಾರ ಆಸ್ಪತ್ರೆಯಿಂದ ಕಿತ್ತು ಜಿಲ್ಲೆಯ ಭದ್ರತಾ ಅಧಿಕಾರಿಗೆ ಕೊಟ್ಟಿತು. ಎಲ್ಲರೂ ಅವರನ್ನು ಸಾಹೇಬರು ಎನ್ನುತ್ತಿದ್ದರು. ಹೆಸರು ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ಹೊತ್ತು ಇಳಿದ ಮೇಲೆ ಜೀಪಿನ ಕೀಲಿ ಅವರ ಕಚೇರಿಗೆ ಹೋಗುತ್ತಿತ್ತು. ಬೆಳಿಗ್ಗೆ ಜೀಪು ಮರಳಿದಾಗ ಅದು ಆಪರೇಷನ್ ಕೋಣೆಗಿಂತ ಸ್ವಚ್ಛವಾಗಿರುತ್ತಿತ್ತು. ಫಿನಾಯಿಲಿನ ವಾಸನೆಗೆ ಕಣ್ಣು ಉರಿಯುತ್ತಿತ್ತು.

“ಇಷ್ಟು ಚೆನ್ನಾಗಿ ನನ್ನ ಹೆಂಡತಿ ಮನೆ ಒರೆಸಿದ್ರೆ ನಾನು ಅವಳನ್ನ ದೇವರು ಅನ್ನೋನು ಸಿಸ್ಟರ್,” ಎಂದಿದ್ದ ಜೀಪಿನ ಚಾಲಕ, ಆಸ್ಪತ್ರೆಯಲ್ಲಿ ಎಲ್ಲರಿಗೂ ಡ್ರೈವರಣ್ಣ. ನಕ್ಕಿರಲಿಲ್ಲ. “ಹಿಂದಿನ ಸೀಟಿನ ಕೆಳಗೆ ಒಂದು ಗುಂಡಿ ಸಿಕ್ತು. ಅಂಗಿ ಗುಂಡಿ. ದಾರ ಸಮೇತ.”

ಸಂಜೆ ಹೊತ್ತಿಗೆ ಕೇರಿಗಳಿಂದ ಗಂಡಸರು ಕಾಣೆಯಾಗುತ್ತಿದ್ದರು. ಅದೇ ಜೀಪು, ಅದೇ ಅಂಗೈ, ಅದೇ ಮೊಳಕೆ. ಹೀಗಾಗಿ ಬೆಳಗಿನ ಜೀಪು ಕಂಡರೂ ತಾಯಂದಿರು ಮಕ್ಕಳನ್ನು ಬಾಚಿಕೊಂಡು ಒಳಗೋಡಿದರು. ಓಣಿಯುದ್ದಕ್ಕೂ ಬಾಗಿಲುಗಳು ಪಟಪಟನೆ ಮುಚ್ಚುವ ಆ ಸದ್ದು, ಹಕ್ಕಿಗಳ ಹಿಂಡೊಂದು ಒಮ್ಮೆಲೇ ಎದ್ದು ಹಾರಿಹೋದಂತೆ. ಮದ್ದು ಪೆಟ್ಟಿಗೆಯಲ್ಲೇ ಉಳಿಯಿತು.

ಆಗ ಡ್ರೈವರಣ್ಣ ಒಂದು ಉಪಾಯ ಹೂಡಿದ. ಲಸಿಕೆಗೆ ಬಂದಾಗ ಮಾತ್ರ ಎರಡು ಗಿಡ್ಡ, ಒಂದು ಉದ್ದ ಹಾರ್ನ್ ಹೊಡೆಯುವುದು. ನರ್ಸು ಕಾಲ್ನಡಿಗೆಯಲ್ಲಿ ಮನೆಮನೆಗೆ ಹೋಗಿ ಹೆಂಗಸರ ಕಿವಿಯಲ್ಲಿ ಹೇಳಿಬಂದಳು: “ಎರಡು ಗಿಡ್ಡ, ಒಂದು ಉದ್ದ ಕೇಳಿದ್ರೆ ಜೀಪಿನಲ್ಲಿ ನಾನಿದೀನಿ ಅಂತ. ಹಾರ್ನೇ ಇಲ್ಲದೆ ಬಂತು ಅಂದ್ರೆ, ನಾನಿಲ್ಲ.” ಅದಕ್ಕಿಂತ ಹೆಚ್ಚು ಅವಳು ಹೇಳಲಿಲ್ಲ, ಅವರು ಕೇಳಲೂ ಇಲ್ಲ. ಬಾಗಿಲುಗಳು ಮತ್ತೆ ತೆರೆದವು.

ಆ ಹಾರ್ನಿಗೆ ತೆರೆಯುವ ಬಾಗಿಲುಗಳಲ್ಲಿ ಅವಳ ಮನೆಯದೂ ಒಂದು. ಒಳಗೆ ಅವಳ ತಮ್ಮ ಅಡಗಿದ್ದ.

ತಮ್ಮ ಒಂದು ವಾರಪತ್ರಿಕೆಯ ವರದಿಗಾರನಾಗಿದ್ದ. ಸಾಹೇಬರು ಕರೆದ ಪತ್ರಿಕಾಗೋಷ್ಠಿಯಲ್ಲಿ ಎಲ್ಲರೂ ಬಿಸ್ಕತ್ತು ತಿನ್ನುತ್ತಿದ್ದಾಗ ಎದ್ದು ನಿಂತು, “ಮಕ್ಕಳಿಗೆ ಅಂತ ಬಂದ ಜೀಪು ಸಂಜೆ ಅವರ ಅಪ್ಪಂದಿರನ್ನ ಯಾಕೆ ಕರ್ಕೊಂಡು ಹೋಗುತ್ತೆ?” ಎಂದು ಕೇಳಿದ್ದ. ಆ ಪ್ರಶ್ನೆ ಅಚ್ಚಾಗಲಿಲ್ಲ. ಪತ್ರಿಕೆಗೆ ಬೀಗ ಬಿತ್ತು. ಅವನು ಅಂದೇ ಅಕ್ಕನ ಮನೆಯ ಹಿಂದಿನ ಕೋಣೆ ಸೇರಿದ. ಬೀದಿಯ ಕಡೆಯ ಬಾಗಿಲಿಗೆ ಹೊರಗಿನಿಂದ ಸದಾ ಬೀಗ. ನೋಡುವವರಿಗೆ ಅದು ಖಾಲಿ ಮನೆ. ಓಣಿಯ ಕಡೆಯ ಹಿಂಬಾಗಿಲಿಗೆ ಒಳಗಿನಿಂದ ಚಿಲಕ. ಸಂಜೆ ಡ್ರೈವರಣ್ಣ ಅವಳನ್ನಿಳಿಸುವಾಗ ಮೆಲ್ಲಗೆ ಹಾರ್ನ್ ಹೊಡೆಯುತ್ತಿದ್ದ, ಒಳಗೆ ಚಿಲಕ ಸರಿಯುತ್ತಿತ್ತು. ಸಾಹೇಬರ ಜನ ಅವನನ್ನು ಹುಡುಕಿ ಹಿಂದೆಯೂ ಬಂದಿದ್ದುಂಟು. ಆದರೆ ಹಾರ್ನಿಲ್ಲದ ಜೀಪು ಓಣಿಯ ಬಾಯಿಗೆ ಬಂದೊಡನೆ ಯಾರೋ ಬಿಂದಿಗೆ ಬೀಳಿಸುತ್ತಿದ್ದರು, ಯಾರೋ ಕೆಮ್ಮುತ್ತಿದ್ದರು, ಅವನು ಹಿತ್ತಲ ಗೋಡೆ ಹಾರಿ ಪಕ್ಕದವರ ಒಗೆದ ಬಟ್ಟೆಗಳ ಹಿಂದೆ ಮಾಯವಾಗುತ್ತಿದ್ದ. ಓಣಿಗೆಲ್ಲ ಗೊತ್ತಿತ್ತು. ಓಣಿ ಬಾಯಿ ಬಿಟ್ಟಿರಲಿಲ್ಲ.

ಆ ದಿನ ಬೆಳಿಗ್ಗೆ ಅವಳು ತಲೆ ಬಾಚಿಕೊಳ್ಳುತ್ತಿದ್ದಾಗ ಅವನು ಚಹಾದ ಲೋಟ ಹಿಡಿದು ಬಾಗಿಲಿಗೊರಗಿದ.

“ನಿನ್ನ ಧಣಿಗಳು ಬರ್ತಿದಾರಂತಲ್ಲಕ್ಕ ಇವತ್ತು?”

“ಮೆಲ್ಲಗೆ ಮಾತಾಡೋ. ನನ್ನ ಧಣಿಗಳಲ್ಲ. ಜೀಪು ಕೊಟ್ಟ ದೇಶದ ಸಂಸತ್ತಿನವರು. ಒಬ್ಬರೇ, ಹೆಂಗಸು. ನೆರವು ಮುಂದುವರಿಸಬೇಕೋ ಬೇಡವೋ ಅಂತ ನೋಡೋಕೆ.”

“ಹಾಗಾದ್ರೆ ನನ್ನ ಪರವಾಗಿ ಒಂದು ಮಾತು ಕೇಳು. ಅವರ ಜನ ಕೊಟ್ಟರು, ಒಪ್ಪಿದೆ. ನಮ್ಮ ಜನಕ್ಕೆ ಅಂತ ಬಾಗಿಲ ಮೇಲೆ ಬರೆದೂ ಇದೆ. ಆದರೆ ನಡುವೆ ಕೈ ಚಾಚಿ ತಗೊಂಡೋರು ಯಾರು? ಅವರನ್ನ ನಾವು ಆರಿಸಿದ್ವಾ? ಕೊಡೋವಾಗ ಅಷ್ಟಾದರೂ ವಿಚಾರಿಸಬಾರದಾ?”

“ದಡಾರ ಹಾಗೆಲ್ಲ ವಿಚಾರಿಸಿಕೊಂಡು ಬರಲ್ಲ ಕಣೋ.”

“ಜೀಪು ನಿಲ್ಲಲಿ ಅಂತ ನಾನು ಹೇಳಿದ್ನಾ?”

“ಹೋದ ವಾರ ಹೇಳಿದೆ.”

“ಹೋದ ವಾರ ಹೊಟ್ಟೆ ಹಸಿದಿತ್ತು.” ಅವನು ನಕ್ಕ, ಮತ್ತೆ ಗಂಭೀರನಾದ. “ನಿಂತರೆ ಮಕ್ಕಳು ಹೋಗ್ತವೆ. ನಿಲ್ಲದಿದ್ರೆ ಅಪ್ಪಂದಿರು ಹೋಗ್ತಾರೆ.”

“ತಲೆಬರಹದ ಥರ ಮಾತಾಡಬೇಡ. ಪತ್ರಿಕೆ ಮುಚ್ಚಿದೆ.” ಅವಳು ಬಾಚಣಿಗೆಯನ್ನು ಗೂಡಿನಲ್ಲಿಟ್ಟಳು. “ಹಾರ್ನ್ ಕೇಳದೆ ಚಿಲಕ ಮುಟ್ಟಬೇಡ.”

“ಅಮ್ಮ ಕೂಡ ಇಷ್ಟು ಸಲ ಹೇಳ್ತಿರಲಿಲ್ಲ.”

“ಅಮ್ಮನಿಗೆ ನೀನು ಇಷ್ಟು ಕಷ್ಟ ಕೊಟ್ಟಿರಲಿಲ್ಲ.”

ಹೊರಗೆ ಬಂದು, ಒಳಗಿನಿಂದ ಚಿಲಕ ಬಿದ್ದ ಸದ್ದು ಕೇಳಿದ ಮೇಲೆಯೇ ಅವಳು ಹೆಜ್ಜೆ ಕಿತ್ತಳು.

ವಿದೇಶಿ ಅತಿಥಿ ಎತ್ತರದ, ಬಿಸಿಲಿಗೆ ಮೂಗು ಕೆಂಪಾದ, ಚಪ್ಪಟೆ ಬೂಟಿನ ಹೆಂಗಸು. ನರ್ಸು ಅಂದುಕೊಂಡಿದ್ದಂತೆ ಆಕೆ ಬೆಪ್ಪಳಾಗಿರಲಿಲ್ಲ. ಆಸ್ಪತ್ರೆಯ ಮದ್ದಿನ ಫ್ರಿಜ್ಜಿನ ಬಾಗಿಲು ತೆಗೆಸಿ ಒಳಗೆ ಕೈಯಿಟ್ಟು ನೋಡಿದಳು. ಹಾರ ಬೇಡವೆಂದಳು. ತನ್ನೂರಿನ ಜನ ತೆರಿಗೆಯ ಲೆಕ್ಕ ಕೇಳುತ್ತಾರೆ, ಅವರಿಗೆ ಮುಖ ತೋರಿಸಬೇಕು ಎಂದು ಸರ್ಕಾರದ ದುಭಾಷಿಯ ಬಾಯಿಂದ ಹೇಳಿಸಿದಳು. ಸಾಹೇಬರು ಆಕೆಯ ಒಂದು ಹೆಜ್ಜೆ ಹಿಂದೆ, ಮದುವೆ ಮನೆಯ ಹಿರಿಯರಂತೆ ನಗುತ್ತ ನಡೆಯುತ್ತಿದ್ದರು.

ಕಾಲುವೆಯ ಪಕ್ಕದ ಕೇರಿಗೆ ಜೀಪಿನಲ್ಲೇ ಹೋದರು. ಅಂದು ಹಾರ್ನ್ ಹೊಡೆಯಬೇಡವೆಂದು ಡ್ರೈವರಣ್ಣನಿಗೆ ಹೇಳಬೇಕೆಂಬ ಯೋಚನೆ ನರ್ಸಿಗೆ ಬರುವಷ್ಟರಲ್ಲಿ ಅವನ ಹೆಬ್ಬೆರಳು ತನ್ನ ಪಾಡಿಗೆ ಕೆಲಸ ಮುಗಿಸಿತ್ತು. ಎರಡು ಗಿಡ್ಡ, ಒಂದು ಉದ್ದ. ಬಾಗಿಲುಗಳು ತೆರೆದವು. ಮಕ್ಕಳನ್ನೆತ್ತಿಕೊಂಡ ಹೆಂಗಸರು ಬಿಸಿಲಿಗೆ ಬಂದರು. ಅತಿಥಿಯ ಕಣ್ಣು ಒದ್ದೆಯಾಯಿತು. ಏನೋ ಕೇಳಿದಳು.

“ಇದು ಯಾರು ಕಂಡುಹಿಡಿದಿದ್ದು ಅಂತ ಮೇಡಂ ಕೇಳ್ತಿದಾರೆ,” ಎಂದ ದುಭಾಷಿ.

ನರ್ಸು ಪೆಟ್ಟಿಗೆಯ ಮುಚ್ಚಳ ತೆಗೆದು ಬಗ್ಗಿದಳು. ಸಾಹೇಬರು ಜೀಪಿನ ಕಿಟಕಿಗೆ ಮೊಣಕೈಯೂರಿ ಬಗ್ಗಿದರು.

“ಏನಯ್ಯ ಅದು? ಇನ್ನೊಂದು ಸಲ ಹೊಡಿ.”

ಡ್ರೈವರಣ್ಣ ಹೊಡೆದ. ಬೇಕೆಂದೇ ತಪ್ಪಾಗಿ, ಒಂದು ಉದ್ದ, ಒಂದು ಗಿಡ್ಡ.

“ಹಾಗಲ್ಲವಲ್ಲ,” ಎಂದರು ಸಾಹೇಬರು ಮೃದುವಾಗಿ. ಅವನ ಎದೆಯ ಮುಂದಿನಿಂದ ಕೈ ಚಾಚಿ ತಾವೇ ಒತ್ತಿದರು. ಎರಡು ಗಿಡ್ಡ, ಒಂದು ಉದ್ದ. ಪಕ್ಕದ ಸಾಲಿನಲ್ಲಿ ಇನ್ನೂ ಮುಚ್ಚಿದ್ದ ಬಾಗಿಲುಗಳು ಒಂದೊಂದಾಗಿ ತೆರೆದವು. ಸಾಹೇಬರು ಮಗುವಿನಂತೆ ನಕ್ಕರು. “ಅರೆ! ಮಂತ್ರ ಕಣಯ್ಯ ಇದು. ನಮಗೆ ಇಷ್ಟು ದಿನ ಹೇಳಲೇ ಇಲ್ವಲ್ಲ ಸಿಸ್ಟರ್?”

ನರ್ಸಿನ ಕೈಯಲ್ಲಿ ಪೆಟ್ಟಿಗೆಯಿಂದ ತೆಗೆದ ಮಂಜಿನ ಚೀಲವಿತ್ತು. ಅದು ಕೈಗಿಂತ ಬೆಚ್ಚಗಿದೆಯೆಂದು ಅವಳಿಗನಿಸಿತು.

ಇಳಿಹೊತ್ತಿಗೆ ಆಸ್ಪತ್ರೆಯ ಸಭಾಕೋಣೆಯಲ್ಲಿ ಚಹಾ. ಅವಳನ್ನು ಅತಿಥಿಯ ಪಕ್ಕದಲ್ಲೇ ಕೂರಿಸಿದ್ದರು. ಈಚೆ ದುಭಾಷಿ, ಬಾಗಿಲಲ್ಲಿ ಕಾವಲುಗಾರ. ವೈದ್ಯಾಧಿಕಾರಿ ಭಾಷಣ ಮಾಡುತ್ತಿದ್ದರು. ಅವಳು ಸಾಹೇಬರ ಕುರ್ಚಿಯನ್ನೇ ನೋಡುತ್ತಿದ್ದಳು. ಒಮ್ಮೆ ರೆಪ್ಪೆ ಬಡಿದು ತೆರೆದಾಗ ಅದು ಖಾಲಿಯಾಗಿತ್ತು. ಕುರ್ಚಿಯ ಬಟ್ಟೆಯ ಮೇಲೆ ಅವರು ಕೂತಿದ್ದ ತಗ್ಗು ಮಾತ್ರ ಇನ್ನೂ ಮೇಲೇಳುತ್ತಿತ್ತು.

ಕಿಟಕಿಯಾಚೆ ಡ್ರೈವರಣ್ಣ ಬಂದು ನಿಂತ. ಅವಳತ್ತ ಕೈಯೆತ್ತಿ ಅಂಗೈ ಬಿಡಿಸಿ ತೋರಿಸಿದ. ಕೀಲಿ ಇರಲಿಲ್ಲ.

ಅವಳು ಏಳಲು ಹೋದಳು. “ಕೂತ್ಕೊಳ್ಳಿ ಸಿಸ್ಟರ್,” ದುಭಾಷಿ ನಗುಮುಖದಲ್ಲೇ ಪಿಸುಗುಟ್ಟಿದ, “ಅತಿಥಿ ಇರುವಾಗ ಏಳಬಾರದು.” ಮನೆಗೂ ಆಸ್ಪತ್ರೆಗೂ ನಡುವೆ ಒಂದು ಮೈದಾನ, ಒಂದು ತಿರುವು. ಓಡಿದರೆ ಕಾವಲುಗಾರ ಹಿಂದೆ ಓಡುತ್ತಾನೆ. ಕೂಗಿದರೆ ಯಾವ ಮನೆಯ ಹೆಸರು ಹೇಳಿ ಕೂಗುವುದು? ಭಯವೆಂದರೆ ಎದೆಬಡಿತ ಎಂದು ಅವಳು ತಿಳಿದಿದ್ದಳು. ಅದು ಹಾಗಿರಲಿಲ್ಲ. ಎಲ್ಲ ಸದ್ದುಗಳೂ ದೂರ ಸರಿದು, ಕಿವಿಯೊಳಗೆ ಒಂದು ಸದ್ದಿಗೆ ಮಾತ್ರ ಜಾಗ ಬಿಟ್ಟುಕೊಟ್ಟಂತಿತ್ತು.

ಭಾಷಣ ಮುಗಿಯಿತು. ಅತಿಥಿ ಲೋಟ ಕೆಳಗಿಟ್ಟು ವೈದ್ಯಾಧಿಕಾರಿಯನ್ನೂ ಉಳಿದವರನ್ನೂ ಹೊರಗೆ ಹೋಗುವಂತೆ ಕೇಳಿಕೊಂಡಳು. ನರ್ಸಿನತ್ತ ತಿರುಗಿ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡಳು. ದನಿ ತಗ್ಗಿತ್ತು.

“ಮೇಡಂ ಕೇಳ್ತಿದಾರೆ,” ದುಭಾಷಿ ಒಮ್ಮೆ ಬಾಗಿಲತ್ತ ನೋಡಿದ. “ಆ ಜೀಪನ್ನ ಲಸಿಕೆಗಲ್ಲದೆ ಬೇರೆ ಯಾವುದಕ್ಕಾದರೂ ಬಳಸ್ತಾರಾ? ಭಯಪಡದೆ ಹೇಳಬೇಕಂತೆ.” ಅಷ್ಟು ಹೇಳಿ, ತುಟಿ ಹೆಚ್ಚು ಅಲುಗಿಸದೆ ತನ್ನದೊಂದು ಮಾತು ಸೇರಿಸಿದ. “ನನಗೂ ಮಕ್ಕಳಿದಾವೆ ತಾಯಿ. ನೋಡಿಕೊಂಡು ಮಾತಾಡಿ.”

ಅವಳು ಬಾಯಿ ತೆರೆದಳು. ಆಗ ಮೈದಾನದಾಚೆಯಿಂದ ಕೇಳಿತು. ಎರಡು ಗಿಡ್ಡ. ಒಂದು ಉದ್ದ.

ಚಿಲಕ ಸರಿದ ಸದ್ದು ಅಷ್ಟು ದೂರಕ್ಕೆ ಕೇಳುವುದಿಲ್ಲ. ಅವಳಿಗೆ ಕೇಳಿತು.

ಉತ್ತರ ಹೇಳಲು ಪುರುಸೊತ್ತಿರಲಿಲ್ಲ. ಅವಳು ಅತಿಥಿಯ ಮಣಿಕಟ್ಟು ಹಿಡಿದು ಎಬ್ಬಿಸಿದಳು. “ಬನ್ನಿ ಅಮ್ಮ. ನಮ್ಮ ಜೀಪೇ ಅದು. ಬನ್ನಿ, ನೀವೇ ನೋಡಿ.” ದುಭಾಷಿ ಅದನ್ನು ಆಕೆಯ ಭಾಷೆಗೆ ತಂದನೋ ಇಲ್ಲವೋ, ಹಿಡಿದ ಕೈಯ ಸೆಳೆತಕ್ಕೆ ದುಭಾಷಿ ಬೇಕಿರಲಿಲ್ಲ. ಅತಿಥಿ ನಡೆದಳು. ಕಾವಲುಗಾರ ದಾರಿ ಬಿಟ್ಟ. ಆ ಬಿಳಿಯ ಮಣಿಕಟ್ಟಿಗೆ ಅಡ್ಡ ನಿಲ್ಲಲು ಅವನಿಗೆ ಆಜ್ಞೆಯಿರಲಿಲ್ಲ. ಪೋರ್ಟಿಕೋದಲ್ಲಿ ಬಾವುಟ ಕಟ್ಟಿದ ಕಾರು ಸಿದ್ಧವಾಗಿ ನಿಂತಿತ್ತು.

ಓಣಿಯ ಬಾಯಿಯಲ್ಲಿ ಕಾರು ನಿಂತಾಗ ಅವಳಿಗೆ ಮೊದಲು ಕಂಡದ್ದು ಹೆಂಗಸರು. ಓಣಿಯ ಹೆಂಗಸರೆಲ್ಲ ಹೊರಗಿದ್ದರು. ಕಂಕುಳಲ್ಲಿ ಕೂಸು, ಕೈಯಲ್ಲಿ ಕೂಸು, ಸೆರಗು ಹಿಡಿದ ಕೂಸು. ಹಾರ್ನಿನ ಲೆಕ್ಕದಲ್ಲಿ ಸಾಹೇಬರು ಎಡವಿದ್ದು ಇಲ್ಲಿಯೇ. ಅದು ಒಬ್ಬನ ಬಾಗಿಲನ್ನಷ್ಟೇ ತೆರೆಯಿಸುವ ಹಾರ್ನಾಗಿರಲಿಲ್ಲ. ಜೀಪಿನ ಹಿಂದೆ ಮುಂದೆ ಜನ ನಿಂತು, ಆಚೆ ದಾರಿಯಿಲ್ಲದ ಆ ಓಣಿಯಲ್ಲಿ ಅದು ಹಂದಲಾರದೆ ಗುರುಗುಡುತ್ತಿತ್ತು.

ಇಸ್ತ್ರಿ ಅಂಗಡಿಯ ಅಜ್ಜಿ ಬಾನೆಟ್ಟಿಗೆ ಅಂಗೈಯೂರಿ ನಿಂತಿದ್ದಳು. “ಸಿಸ್ಟರ್ ಎಲ್ಲಿ ಅಂತ ಕೇಳಿದ್ರೆ ಯಾಕಪ್ಪ ಮುಖ ತಿರುಗಿಸ್ತೀಯ? ಹಾರ್ನ್ ಹೊಡೆದೋನು ನೀನೇ. ಸೂಜಿ ಎಲ್ಲಿ? ಮಗು ಅಳ್ತಿದೆ, ಬೇಗ ಚುಚ್ಚಿ ಕಳಿಸು.” ಸ್ಟೀರಿಂಗ್ ಹಿಡಿದು ಕೂತ ಅಪರಿಚಿತ ಮತ್ತೆ ಮತ್ತೆ ಸಾಹೇಬರತ್ತ ನೋಡುತ್ತಿದ್ದ. ಸಾಹೇಬರು ಜೀಪಿನ ಪಕ್ಕದಲ್ಲಿ ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಳ್ಳುತ್ತಿದ್ದರು.

ನರ್ಸು ತನ್ನ ಮನೆಯತ್ತ ನೋಡಿದಳು. ಹಿಂಬಾಗಿಲು ಹಾರುಹೊಡೆದಿತ್ತು. ಹೊಸ್ತಿಲಲ್ಲಿ ತಮ್ಮನ ಒಂದು ಚಪ್ಪಲಿ ಬೋರಲಾಗಿ ಬಿದ್ದಿತ್ತು.

ಅತಿಥಿ ಸಾಹೇಬರನ್ನೇನೋ ಕೇಳಿದಳು. ಸಾಹೇಬರು ದುಭಾಷಿಯತ್ತ ನೋಡಿ ನಕ್ಕರು. “ಹೇಳಯ್ಯ. ನಮ್ಮದು ಹಗಲು ಸಂಜೆ ಅನ್ನದೆ ನಡೆಯೋ ಸೇವೆ ಅಂತ.” ಆಕೆ ನರ್ಸಿನತ್ತ ತಿರುಗಿದಳು. ಕೋಣೆಯಲ್ಲಿ ಕೇಳಿದ್ದ ಅದೇ ಪ್ರಶ್ನೆ ಆ ಕಣ್ಣಿನಲ್ಲಿ ಇನ್ನೂ ಕಾದು ಕೂತಿತ್ತು.

“ನಿಜವಾ ಅಂತ ಕೇಳ್ತಿದಾರೆ,” ಎಂದ ದುಭಾಷಿ.

ಸಾಹೇಬರು ಕರವಸ್ತ್ರ ಮಡಚುವುದನ್ನು ನಿಲ್ಲಿಸಿದರು. ಹೌದು ಎಂದರೆ ಈ ಜೀಪು ಇನ್ನೆಷ್ಟು ಸಂಜೆ ಇನ್ನೆಷ್ಟು ಓಣಿಗಳಿಗೆ ಹೋಗುತ್ತದೋ ಅವಳಿಗೆ ಗೊತ್ತಿತ್ತು. ಅಲ್ಲ ಎಂದರೆ, ಈ ಹೆಂಗಸು ನಾಳೆ ವಿಮಾನ ಹತ್ತುತ್ತಾಳೆ. ಹಿಂದಿನ ಸೀಟಿನಲ್ಲಿರುವವನು ಎಲ್ಲಿಗೆ ಹೋಗುತ್ತಾನೆ? ದೊಡ್ಡ ಮಾತುಗಳೆಲ್ಲ ತಮ್ಮನವು. ತಮ್ಮ ಅವಳವನು.

“ಹೌದು,” ಎಂದಳು. “ಬೆಳಿಗ್ಗೆ ಬಿಟ್ಟುಹೋದ ಮಕ್ಕಳಿಗೆ ಸಂಜೆ ಬರ್ತೀವಿ.”

ಅಷ್ಟು ಹೇಳಿ, ಜೀಪಿನ ಹಿಂದಕ್ಕೆ ನಡೆದು ಬಾಗಿಲ ಹಿಡಿಯನ್ನು ತಿರುಗಿಸಿದಳು. ಯಾರೂ ತಡೆಯಲಿಲ್ಲ, ಅವಳ ಹೌದು ಇನ್ನೂ ಗಾಳಿಯಲ್ಲಿತ್ತು, ಅದಕ್ಕೆ ವಿರುದ್ಧವಾಗಿ ಕೈಯೆತ್ತಲು ಸಾಹೇಬರಿಗೂ ಆಗುತ್ತಿರಲಿಲ್ಲ. ಒಳಗೆ ಇಬ್ಬರ ದಪ್ಪ ಭುಜಗಳ ನಡುವೆ ತಮ್ಮ, ಒಂದು ಕಾಲು ಬರಿಗಾಲು, ತುಟಿ ಒಡೆದು ಊದಿತ್ತು. ಅವಳನ್ನು ಕಂಡರೂ ಅವನ ಕಣ್ಣು ಗುರುತು ತೋರಿಸಲಿಲ್ಲ.

“ಏನೋ, ಪೆಟ್ಟಿಗೆ ತಾ ಅಂತ ಕಳಿಸಿದ್ರೆ ಹತ್ತಿ ಕೂತೇಬಿಟ್ಟಿದೀಯಲ್ಲ!” ಅವಳ ದನಿ ಅವಳಿಗೇ ಪರಕೀಯವಾಗಿ, ಜಗಳಗಂಟಿಯದಾಗಿ ಕೇಳಿಸಿತು. “ಸೋಮಾರಿ. ಇಳಿ ಕೆಳಗೆ. ಮಕ್ಕಳು ಕಾಯ್ತಿದಾವೆ.”

ಆ ಇಬ್ಬರೂ ಸಾಹೇಬರ ಮುಖ ನೋಡಿದರು. ಸಾಹೇಬರು ಅತಿಥಿಯ ಮುಖ ನೋಡಿದರು. ಅತಿಥಿಯ ಕೈಯಲ್ಲಿ ಆಗಲೇ ಕ್ಯಾಮೆರಾ ಇತ್ತು.

ಭುಜಗಳು ಸಡಿಲಿದವು. ಸೀಟಿನ ಕೆಳಗೆ ಉಳಿದಿದ್ದ ಬೆಳಗಿನ ಪೆಟ್ಟಿಗೆಯನ್ನು ಎದೆಗವಚಿಕೊಂಡು ತಮ್ಮ ಇಳಿದ.

ಪೆಟ್ಟಿಗೆಯಲ್ಲಿ ಮದ್ದಿರಲಿಲ್ಲ, ಕರಗಿದ ಮಂಜಿನ ಚೀಲಗಳು ಮಾತ್ರ. ಓಣಿಯ ಮಕ್ಕಳಿಗೆಲ್ಲ ಹೋದ ವಾರವೇ ಲಸಿಕೆಯಾಗಿದ್ದದ್ದು ಪ್ರತಿ ತಾಯಿಗೂ ಗೊತ್ತಿತ್ತು. ಇಸ್ತ್ರಿ ಅಜ್ಜಿ ಮೊಮ್ಮಗಳ ಕೈಯನ್ನು ಮುಂದೆ ಚಾಚಿದಳು. “ನನ್ನ ಕೂಸಿಗೆ ಮೊದಲು, ಸಿಸ್ಟರ್.” ಲಸಿಕೆಯಾದ ಮಗುವಿನ ಕಿರುಬೆರಳಿನ ಉಗುರಿಗೆ ಶಾಯಿ ಹಚ್ಚುವುದು ಅವರ ಪದ್ಧತಿ. ನರ್ಸು ಜೇಬಿನಿಂದ ಶಾಯಿಯ ಪೆನ್ನು ತೆಗೆದಳು. ಮಾಸಿದ ಗುರುತಿನ ಮೇಲೆ ಹೊಸ ಗುರುತು. ಸೂಜಿಯಿಲ್ಲದ್ದು ಅತಿಥಿಗೆ ಕಾಣದಂತೆ ಹೆಂಗಸರು ಸುತ್ತ ಒತ್ತಿಕೊಂಡು ಬಂದರು, ನೂಕಾಡಿದರು, ಬೈದಾಡಿದರು, ಬೇಕೆಂದೇ ಮಕ್ಕಳನ್ನು ಚಿವುಟಿ ಅಳಿಸಿದರು. ಪೆಟ್ಟಿಗೆ ತಮ್ಮನ ಕೈಯಿಂದ ಒಬ್ಬಳ ಕೈಗೆ, ಅವಳಿಂದ ಇನ್ನೊಬ್ಬಳ ಕೈಗೆ ದಾಟಿತು. ನರ್ಸು ಮುಂದಿನ ಬೆರಳಿಗಾಗಿ ತಲೆಯೆತ್ತಿದಾಗ ಅವನು ನಿಂತಿದ್ದ ಜಾಗದಲ್ಲಿ ಬಸುರಿ ಹೆಂಗಸೊಬ್ಬಳು ನಿಂತು ಬೆವರುತ್ತಿದ್ದಳು. ಹಿಂದಿನ ಅಂಗಳದಲ್ಲಿ ಒಗೆದ ಬಟ್ಟೆಯೊಂದು ಅಲುಗಿ ಸುಮ್ಮನಾಯಿತು.

ಹೊರಡುವ ಮುನ್ನ ಅತಿಥಿ ಅವಳ ಎರಡೂ ಕೈಗಳನ್ನು ಹಿಡಿದುಕೊಂಡಳು. “ಬಂದಾಗ ಮನಸ್ಸಿನಲ್ಲಿ ಅನುಮಾನ ಇತ್ತಂತೆ,” ದುಭಾಷಿ ನೆಲ ನೋಡುತ್ತ ಹೇಳಿದ. “ಈಗಿಲ್ಲವಂತೆ. ನಿಮ್ಮ ಮಾತನ್ನೇ ಅಲ್ಲಿ ಹೇಳ್ತಾರಂತೆ.”

ಕಾರು ಹೋದ ಮೇಲೆ ಸಾಹೇಬರು ಹತ್ತಿರ ಬಂದರು. ಬೈಯುತ್ತಾರೆಂದು, ಹೊಡೆಯುತ್ತಾರೆಂದು ಅವಳು ಮೈ ಬಿಗಿಹಿಡಿದಳು. ಅವರು ನಕ್ಕರು.

“ಅವನು ಸಿಕ್ತಾನೆ ಬಿಡು, ಇವತ್ತಲ್ಲ ನಾಳೆ. ಆದ್ರೆ ನೀನು ಹೌದು ಅಂದೆಯಲ್ಲ ತಾಯಿ, ಅದು ನನಗೆ ಬೇರೆ ಯಾರು ಕೊಡ್ತಿದ್ರು?” ಎಂದು ಅವಳ ಹೆಗಲು ತಟ್ಟಿದರು. ಆ ತಟ್ಟಿದ ಜಾಗ ಎಷ್ಟೋ ದಿನ ಅವಳ ಮೈಯಲ್ಲಿ ಬೇರೆಯಾಗಿಯೇ ಉಳಿಯಿತು.

ಮಳೆಗಾಲಕ್ಕೆ ಮುಂಚೆ ಮತ್ತೊಂದು ಹಡಗು ಬಂತು. ಹೊಸ ಜೀಪುಗಳು, ಇನ್ನಷ್ಟು ಬಿಳಿ. ಜೊತೆಗೆ ಆ ದೇಶದಿಂದ ಒಂದು ಸಲಹೆಯೂ ಬಂದಿತ್ತು: ತಾಯಂದಿರ ನಂಬಿಕೆ ಗಳಿಸಿದ ಆ ಸರಳ ಹಾರ್ನಿನ ಕೂಗನ್ನು ಎಲ್ಲ ಜಿಲ್ಲೆಗಳ ವಾಹನಗಳಲ್ಲೂ ಬಳಸಬೇಕೆಂದು. ಸರ್ಕಾರ ಸಂತೋಷದಿಂದ ಒಪ್ಪಿತು. ಸಂಜೆಯ ಚಾಲಕರೂ ಸೇರಿ ಎಲ್ಲರಿಗೂ ಕಲಿಸಿದರು. ರೇಡಿಯೋದಲ್ಲಿ ದಿನವೂ ಕೇಳಿಸಿದರು, ಜನರ ಕಿವಿಗೆ ಒಗ್ಗಲೆಂದು.

ನರ್ಸು ಮತ್ತೆ ಪೆಟ್ಟಿಗೆಯನ್ನು ಹೆಗಲಿಗೆ ಹಾಕಿಕೊಂಡು ನಡೆಯತೊಡಗಿದಳು. ಬಾಗಿಲಿಗೆ ಬಾಯಿಟ್ಟು “ನಾನು, ನಾನೇ” ಎನ್ನುವಳು. ಅವಳ ದನಿ ಬಲ್ಲ ಓಣಿಗಳು ತೆರೆಯುತ್ತಿದ್ದವು. ಅವಳ ಕಾಲು ಹೋಗುವಷ್ಟೇ ದೂರ ಅವಳ ದನಿಯೂ ಹೋಗುತ್ತಿತ್ತು. ಗುಡ್ಡದ ಬಡಾವಣೆಗೆ ಮದ್ದು ಮತ್ತೆ ಬಿಸಿಯಾಗಿ ತಲುಪಿತು.

ತಮ್ಮ ಬೇರೊಂದು ಜಿಲ್ಲೆಯಲ್ಲಿ ಇದ್ದಾನೆಂದು ಡ್ರೈವರಣ್ಣ ಒಮ್ಮೆ ಟೈರು ನೋಡುವ ನೆಪದಲ್ಲಿ ಬಗ್ಗಿ ಹೇಳಿಹೋದ. ಯಾರದೋ ಮನೆ, ಯಾವುದೋ ಹಿಂದಿನ ಕೋಣೆ. ತಮ್ಮನಿಗೆ ಗೊತ್ತಿದೆ, ಆ ಹಾರ್ನಿನ ಅರ್ಥ ಈಗೇನೆಂದು ಅವನಷ್ಟು ಬಲ್ಲವರು ಯಾರು ಎಂದು ಅವಳು ತನಗೆ ತಾನೇ ಹೇಳಿಕೊಳ್ಳುತ್ತಾಳೆ. ಆದರೆ ಆ ಮನೆಯವರಿಗೆ ಗೊತ್ತಿದೆಯೆ? ಆ ಮನೆಯಲ್ಲಿ ಕೂಸಿದ್ದರೆ? ಸಂಜೆಯ ಜೊಂಪಿನಲ್ಲಿ, ಮನೆಯ ನೆನಪಿನಲ್ಲಿ, ಅವನ ಕಿವಿಯೇ ಒಂದು ಕ್ಷಣ ಅಕ್ಕ ಬಂದಳು ಎಂದುಕೊಂಡರೆ?

ಹೊತ್ತು ಇಳಿಯುತ್ತದೆ. ಎಲ್ಲೋ ದೂರದ ಕೇರಿಯಲ್ಲಿ ಎರಡು ಗಿಡ್ಡ, ಒಂದು ಉದ್ದ ಕೇಳುತ್ತದೆ. ತನ್ನ ಬಾಗಿಲ ಹಿಂದೆ ನಿಂತ ಅವಳು ಎರಡೂ ಕೈಗಳಿಂದ ಚಿಲಕವನ್ನು ಅದುಮಿ ಹಿಡಿಯುತ್ತಾಳೆ, ಆ ಒಂದು ಚಿಲಕದಿಂದ ಊರೂರುಗಳ ಬಾಗಿಲುಗಳೆಲ್ಲ ಮುಚ್ಚಿರುತ್ತವೆ ಎಂಬಂತೆ.